ಗುಳಿಗೆ ನಿಲ್ಲಿಸುವ ಮುನ್ನ

ಜೈವಿಕ ತಂತ್ರಜ್ಞಾನದಿಂದ ದೇಶದಲ್ಲಿಯೇ ಸಿದ್ಧವಾದ ಮೊದಲ ಹೆಪಟೈಟಿಸ್ ಬಿ ಲಸಿಕೆ 'ಶಾನ್‌ವ್ಯಾಕ್-ಬಿ' 1997ರಲ್ಲಿ ಹೊರಬಂದುದು ನಾವು ನೆಲೆಸಿರುವ ಈ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯಿಂದ ಎಂಬುದು ಹೆಮ್ಮೆಯ ಸಂಗತಿ. ಆದರೆ ಲಸಿಕೆಯು ರೋಗವನ್ನು ತಡೆಯಬಲ್ಲುದೇ ಹೊರತು, ದೇಹದಲ್ಲಿ ಈಗಾಗಲೇ ನೆಲೆಯೂರಿದ ವೈರಾಣುವನ್ನು ಹೊರಗಟ್ಟಲಾರದು. ಅಂಥವರಲ್ಲಿ ಅಗತ್ಯವುಳ್ಳವರಿಗೆ ವೈದ್ಯರು ಟೆನೊಫೊವಿರ್ ಅಥವಾ ಎಂಟೆಕಾವಿರ್ ಗುಳಿಗೆಯನ್ನು ಕೊಡುತ್ತಾರೆ.

ನನ್ನ ಸಹೋದ್ಯೋಗಿಯೊಬ್ಬರು ವರ್ಷಕಾಲ ಗುಳಿಗೆ ಸೇವಿಸಿ, ಆರೋಗ್ಯ ಸುಧಾರಿಸಿತೆಂದು ತಾವಾಗಿಯೇ ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ಕಾಮಾಲೆ ತಲೆದೋರಿ ಆಸ್ಪತ್ರೆ ಸೇರಬೇಕಾಯಿತು. ಈ ಗುಳಿಗೆಗಳು ವೈರಾಣುವನ್ನು ಅಡಗಿಸುತ್ತವೆ; ನಿರ್ಮೂಲ ಮಾಡುವುದು ಅಪರೂಪ. ಹಠಾತ್ತನೆ ಬಿಟ್ಟರೆ ವೈರಾಣು ಮತ್ತೆ ವೃದ್ಧಿಸಿ ಯಕೃತ್ತಿಗೆ, ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯ ತರುತ್ತದೆ.

ಆದಕಾರಣ ಚಿಕಿತ್ಸೆಯ ಆರಂಭಕ್ಕೆ ಮುನ್ನ ಮೂತ್ರಪಿಂಡದ ಹಾಗೂ ಎಚ್‌ಐವಿ ಪರೀಕ್ಷೆಗಳಾಗಲಿ. ಎಂಟೆಕಾವಿರನ್ನು ಬರಿಹೊಟ್ಟೆಯಲ್ಲಿ, ಆಹಾರಕ್ಕೆ ಹಿಂದೆಯೂ ಮುಂದೆಯೂ 2 ಗಂಟೆ ಅಂತರವಿಟ್ಟು ಸೇವಿಸಬೇಕು. ಸೇವಿಸುವ ಇತರ ಔಷಧಗಳನ್ನೆಲ್ಲ ವೈದ್ಯರಿಗೆ ತಿಳಿಸಬೇಕು. ಮನೆಯವರೂ ರಕ್ತಪರೀಕ್ಷೆ ಮಾಡಿಸಿಕೊಂಡು, ಅಗತ್ಯವಿದ್ದರೆ ಲಸಿಕೆ ಪಡೆಯಲಿ. ಜಾತ್ರೆಗೋ ಮದುವೆಗೋ ಊರಿಗೆ ಹೊರಟಾಗ ಸಾಕಷ್ಟು ಗುಳಿಗೆ ಜೊತೆಗಿರಲಿ.

ತಪ್ಪಿದ ಸಾಲದ ಕಂತನ್ನು ಬಡ್ಡಿ ತೆತ್ತು ಸರಿಪಡಿಸಬಹುದು. ಯಕೃತ್ತು ಅಂಥ ವಾಯಿದೆ ಕೊಟ್ಟೇ ಕೊಡುವುದೆಂದು ನಂಬುವಂತಿಲ್ಲ.