ಲೀಸೋ ಖರೀದಿಯೋ: ಉತ್ತರ ಇರುವುದು ಹಳೇ ಯಂತ್ರದ ಬೆಲೆಯಲ್ಲಿ

ಪೀಣ್ಯದ ಒಂದು ಸಣ್ಣ ಕಂಪನಿಗೆ ಸಿಎನ್‌ಸಿ ಯಂತ್ರ ಬೇಕಾಗಿದೆ ಎಂದುಕೊಳ್ಳಿ. ಬೆಲೆ 30 ಲಕ್ಷ ರೂಪಾಯಿ. ಲೀಸಿಗೆ ತಂದರೆ ಪ್ರತಿ ವರ್ಷದ ಕೊನೆಗೆ 7 ಲಕ್ಷದಂತೆ 5 ವರ್ಷ ಬಾಡಿಗೆ ಕಟ್ಟಿ ಯಂತ್ರವನ್ನು ವಾಪಸ್ ಕೊಡಬೇಕು. ಬಾಯಿಲೆಕ್ಕ ಕೂಡಲೇ ತೀರ್ಪು ಕೊಡುತ್ತದೆ: ಏಳೈದ್ಲಿ ಮೂವತ್ತೈದು, ಮೂವತ್ತಕ್ಕೆ ಸ್ವಂತವಾಗುವುದಕ್ಕೆ ಮೂವತ್ತೈದು ಕೊಟ್ಟು ಕೊನೆಗೆ ಬರಿಗೈಯಲ್ಲಿ ಏಕೆ ಕೂರಬೇಕು? ಇಂದು ಕೊಡುವ ರೂಪಾಯಿಯನ್ನೂ ಐದು ವರ್ಷದ ಮೇಲೆ ಕೊಡುವ ರೂಪಾಯಿಯನ್ನೂ ಒಂದೇ ತಕ್ಕಡಿಗೆ ಹಾಕಿದ ತೀರ್ಪು ಇದು. ತೆರಿಗೆಯ ಮಾತೂ ಇದರಲ್ಲಿಲ್ಲ.

ಎರಡನ್ನೂ ಸೇರಿಸಿ ನೋಡೋಣ. ಕಂಪನಿಯ ಆದಾಯ ತೆರಿಗೆ ಸರ್‌ಚಾರ್ಜ್, ಸೆಸ್ ಸೇರಿ ಸುಮಾರು 25%. ಬ್ಯಾಂಕ್ ಸಾಲದ ಬಡ್ಡಿ 12% ಇದ್ದರೆ, ಬಡ್ಡಿಯ ಮೇಲೆ ಉಳಿಯುವ ತೆರಿಗೆ ಕಳೆದು ನಿಜವಾಗಿ ಬೀಳುವುದು 9%. ಬಾಡಿಗೆ ಪೂರ್ತಿ ಖರ್ಚಾಗುವುದರಿಂದ ತೆರಿಗೆ ಕಳೆದ ಮೇಲೆ ವರ್ಷಕ್ಕೆ 5.25 ಲಕ್ಷ; 9% ದರದಲ್ಲಿ ಐದು ಕಂತುಗಳ ಇಂದಿನ ಮೌಲ್ಯ 20.42 ಲಕ್ಷ. ಕೊಂಡರೆ 15% ಸವಕಳಿ ಸಿಗುತ್ತದೆ. ಯಂತ್ರ ಮಾರಿದ ಮೇಲೂ ಉಳಿದ ಯಂತ್ರಗಳ ಜೊತೆ ಮುಂದುವರಿಯುವ ಸವಕಳಿಯನ್ನು ಸೇರಿಸಿದರೆ ಅದರಿಂದಾಗುವ ತೆರಿಗೆ ಉಳಿತಾಯದ ಇಂದಿನ ಮೌಲ್ಯ 3.67 ಲಕ್ಷ. ಐದನೇ ವರ್ಷದ ಕೊನೆಗೆ ಯಂತ್ರ 10 ಲಕ್ಷಕ್ಕೆ ಹೋದರೆ ಅದರ ಇಂದಿನ ಬೆಲೆ 6.50 ಲಕ್ಷ. ಎರಡನ್ನೂ 30 ಲಕ್ಷದಲ್ಲಿ ಕಳೆದರೆ ಖರೀದಿಯ ನಿಜವಾದ ವೆಚ್ಚ 19.83 ಲಕ್ಷ. ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಎರಡು ದಾರಿಯಲ್ಲೂ ಸಿಗುವುದರಿಂದ ಅದನ್ನು ಬಿಟ್ಟಿದ್ದೇನೆ. ಖರೀದಿಯೇ ಗೆದ್ದಿತು, ಆದರೆ ಬರೀ 59 ಸಾವಿರದಿಂದ. ಅದೇ ಯಂತ್ರ 8 ಲಕ್ಷಕ್ಕೆ ಮಾತ್ರ ಹೋದರೆ ಲೀಸ್ ಸುಮಾರು 50 ಸಾವಿರದಿಂದ ಮುಂದೆ. ಗೆಲುವು ಸೋಲಿನ ಗಡಿ 9 ಲಕ್ಷದ ಹತ್ತಿರ ನಿಂತಿದೆ. ಹಾಗಾಗಿ ಲೀಸೋ ಖರೀದಿಯೋ ಎಂಬುದು ಮೇಲ್ನೋಟಕ್ಕೆ ಇಂದಿನ ಹಣದ ಪ್ರಶ್ನೆ, ಒಳಗೆ ಐದು ವರ್ಷ ಹಳೆಯ ಯಂತ್ರದ ಬೆಲೆಯ ಪ್ರಶ್ನೆ.

9% ದರವೇ ಏಕೆ, ನಮ್ಮ ವ್ಯಾಪಾರದಲ್ಲಿ ದುಡ್ಡು 15% ದುಡಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ದರ ಹಾಕಿದರೆ ಲೀಸ್ ಒಮ್ಮೆಲೇ 4.3 ಲಕ್ಷ ಅಗ್ಗವಾಗಿ ಕಾಣುತ್ತದೆ. ಕಾಣುತ್ತದೆ ಅಷ್ಟೇ. ಲೀಸ್ ಬಾಡಿಗೆ ಆರ್ಡರ್ ಬಂದರೂ ಬಾರದಿದ್ದರೂ ಕಟ್ಟಲೇಬೇಕಾದ ಕಂತು. ಸಾಲದ ಕಂತಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸಾಲದಂಥ ಹೊಣೆಯನ್ನು ತೆರಿಗೆ ಕಳೆದ ಸಾಲದ ದರದಲ್ಲೇ ಅಳೆಯಬೇಕು ಎಂಬ ವಾದವನ್ನು ಹಣಕಾಸು ತಜ್ಞ ಸ್ಟುವರ್ಟ್ ಮೈಯರ್ಸ್ ಮತ್ತು ಸಂಗಡಿಗರು 1976ರಲ್ಲೇ ಗಟ್ಟಿಯಾಗಿ ಮಂಡಿಸಿದ್ದರು. ಅನಿಶ್ಚಿತವಾಗಿರುವುದು ಮರುಮಾರಾಟದ ಬೆಲೆಯೊಂದೇ. ಹೆಚ್ಚಿನ ದರ ಹಾಕುವುದಿದ್ದರೆ ಅದಕ್ಕೆ ಹಾಕಬೇಕು. ಅದೊಂದಕ್ಕೆ 15% ಹಾಕಿದರೆ, 10 ಲಕ್ಷ ಸಿಗುವ ಅಂದಾಜಿನಲ್ಲೂ ಲೀಸ್ ಸುಮಾರು 94 ಸಾವಿರದಿಂದ ಗೆಲ್ಲುತ್ತದೆ. ಹಳತಾಗುವ ಯಂತ್ರದ ಅಪಾಯವನ್ನು ಲೀಸ್ ಕಂಪನಿಯ ತಲೆಗೆ ಕಟ್ಟಿದ್ದರಿಂದ ಬಂದ ಗೆಲುವು ಅದು.

ಐದು ವರ್ಷದ ಮುಂದಿನ ಬೆಲೆ ಯಾರಿಗೆ ಗೊತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಿಖರ ಬೆಲೆಯನ್ನು ಯಾರೂ ಕೇಳುತ್ತಿಲ್ಲ; ಗಡಿಯ ಮೇಲೋ ಕೆಳಗೋ ಎಂದಷ್ಟೇ ತಿಳಿದರೆ ಸಾಕು. ಸೆಕೆಂಡ್ ಹ್ಯಾಂಡ್ ಯಂತ್ರದ ವ್ಯಾಪಾರಿ ಸ್ಪಿಂಡಲ್ ಎಷ್ಟು ಗಂಟೆ ಓಡಿದೆ, ಬಾಲ್ ಸ್ಕ್ರೂ ಸವೆದಿದೆಯೇ, ಕಂಟ್ರೋಲರ್‌ಗೆ ಬಿಡಿಭಾಗ ಇನ್ನೂ ಸಿಗುತ್ತದೆಯೇ ಎಂದು ನೋಡಿ ಬೆಲೆ ಕಟ್ಟುತ್ತಾನೆ. ಮೂರು ಪಾಳಿ ಓಡಿಸುವವರಿಗೂ ಒಂದೇ ಪಾಳಿಯವರಿಗೂ ಒಂದೇ ಉತ್ತರ ಬರಲಾರದು.

ಲೀಸ್ ತಂದರೆ ಪುಸ್ತಕದಲ್ಲಿ ಸಾಲ ಕಾಣುವುದಿಲ್ಲವೆಂಬ ಆಕರ್ಷಣೆ ಹಳೆಯದು. ಲೀಸಿನ ಹೊಣೆಯನ್ನೂ ಪುಸ್ತಕದಲ್ಲಿ ತೋರಿಸಬೇಕೆನ್ನುವ ಲೆಕ್ಕಪತ್ರ ನಿಯಮ ಇಂಡ್ ಎಎಸ್ 116 ಅನ್ವಯವಾಗುವ ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ ಅದು ಹೆಚ್ಚುಕಡಿಮೆ ಮುಗಿದ ಕಥೆ. ಸಣ್ಣ ಘಟಕಗಳಿಗೆ ಆ ನಿಯಮ ತಟ್ಟದಿರಬಹುದು; ಆದರೂ ಬಾಡಿಗೆಯ ಹೊಣೆಯನ್ನು ಬ್ಯಾಂಕ್ ಮ್ಯಾನೇಜರ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಂಬುವುದು ಭೋಳೆತನ. ಇನ್ನು ಬ್ಯಾಂಕು ಸಾಲವನ್ನೇ ಕೊಡದಿದ್ದರೆ ಹೋಲಿಸಲು ಎರಡು ದಾರಿಯೇ ಇಲ್ಲ. ಆಗ ನೋಡಬೇಕಾದದ್ದು ಯಂತ್ರದ ದುಡಿಮೆ ಬಾಡಿಗೆಯನ್ನು ಹೊರುತ್ತದೆಯೇ ಎಂಬುದನ್ನು ಮಾತ್ರ.

ಲೀಸ್ ಪತ್ರ ಮುಂದೆ ಬಂದಾಗ ಅವಧಿಗೆ ಮುಂಚೆ ಬಿಟ್ಟರೆ ದಂಡವೆಷ್ಟು, ವಿಮೆ ಮತ್ತು ವಾರ್ಷಿಕ ನಿರ್ವಹಣೆಯ (ಎಎಂಸಿ) ಖರ್ಚು ಯಾರ ಪಾಲಿಗೆ ಎಂದು ನೋಡಿ. ನಂತರ ಆಡಿಟರ್ ಬಳಿ ಮೊದಲು ಕೇಳಬೇಕಾದದ್ದು, ಹಳೇ ಯಂತ್ರಕ್ಕೆ ಕನಿಷ್ಠ ಎಷ್ಟು ಬಂದರೆ ಖರೀದಿ ಲಾಭ ಎಂಬ ಒಂದೇ ಅಂಕಿಯನ್ನು.