ಫ್ಲ್ಯಾಶ್ ಹೊಡೆದರೂ ಫೋಟೊ ಕಪ್ಪೇಕೆ?

ಯಸಳೂರು ಸೀಮೆಯ ಹಳೆಯ ತೊಟ್ಟಿಮನೆಯಲ್ಲಿ ಮದುವೆಯ ಫೋಟೊ ತೆಗೆಯುವುದು ಸುಲಭದ ಕೆಲಸವಲ್ಲ. ಮೇಲೆ ಹೆಂಚು, ಹೊಗೆ ಕುಡಿದು ಕಪ್ಪಾದ ಜಂತಿಗಳು, ಹೊರಗೆ ತೋಟದ ಸಿಲ್ವರ್ ಓಕ್ ನೆರಳು. ಎರಡು ಸ್ಟುಡಿಯೊ ಫ್ಲ್ಯಾಶ್ ನಿಲ್ಲಿಸಿಯೂ ಮದುಮಕ್ಕಳ ಮುಖ ಕಪ್ಪಾಗಿ ಬಂದರೆ ಫೋಟೊಗ್ರಾಫರ್ ಕೈ ಮೊದಲು ಹೋಗುವುದು ಶಟರ್ ಡಯಲ್ ಮೇಲೆ. ಸೆಕೆಂಡಿನ 125ರಲ್ಲೊಂದು ಪಾಲಿನಲ್ಲಿದ್ದದ್ದನ್ನು 60ರಲ್ಲೊಂದಕ್ಕೆ ಇಳಿಸಿದರೆ ಬೆಳಕು ಇಮ್ಮಡಿಯಾಗುತ್ತದೆಂಬ ನಂಬಿಕೆ.

ಹಗಲು ಬೆಳಕಿನ ಮಟ್ಟಿಗೆ ಅದು ನಿಜ, ಫ್ಲ್ಯಾಶಿನ ಮಟ್ಟಿಗೆ ಸುಳ್ಳು. ಸ್ಟುಡಿಯೊ ಫ್ಲ್ಯಾಶಿನ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮುಗಿದೇ ಹೋಗಿರುತ್ತದೆ. ಆಮೇಲೆ ಶಟರ್ ತೆರೆದೇ ಇದ್ದರೂ ಒಳಬರುವುದು ಮಂಟಪದ ಬಲ್ಬಿನ ಹಳದಿ ಬೆಳಕು ಮಾತ್ರ. ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1964ರಲ್ಲಿ ಸೇಬನ್ನು ತೂರಿ ಹೊರಬಂದ ಗುಂಡನ್ನು ಚಿತ್ರದಲ್ಲಿ ಹಿಡಿದದ್ದೂ ಶಟರಿನ ವೇಗದಿಂದಲ್ಲ, ಕತ್ತಲ ಕೋಣೆಯಲ್ಲಿ ಅತಿ ಕಿರಿದಾದ ಫ್ಲ್ಯಾಶ್ ಹೊಡೆದು. ಶಟರ್ ವಿಷಯದಲ್ಲಿ ನೋಡಬೇಕಾದದ್ದು ಸಿಂಕ್ ಮಿತಿ, ಅಂದರೆ ಫ್ಲ್ಯಾಶಿನೊಂದಿಗೆ ಹೊಂದುವ ಅತಿ ಹೆಚ್ಚಿನ ಶಟರ್ ವೇಗ, ಒಂದನ್ನೇ. ಬಹುತೇಕ ಕ್ಯಾಮೆರಾಗಳಲ್ಲಿ ಅದು 200 ಅಥವಾ 250. ದಾಟಿದರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ.

ಮುಖಕ್ಕೆ ಬೆಳಕು ಬೇಕಿದ್ದರೆ ಅಪರ್ಚರನ್ನು ಎಫ್ 8ರಿಂದ 5.6ಕ್ಕೆ ತೆರೆಯಬೇಕು, ಇಲ್ಲವೇ ಐಎಸ್‌ಒ 100ನ್ನು 200 ಮಾಡಬೇಕು. ಎರಡರಲ್ಲಿ ಯಾವುದಾದರೂ ಬೆಳಕನ್ನು ಒಂದು ಸ್ಟಾಪ್ ಏರಿಸುತ್ತದೆ, ಅಂದರೆ ಇಮ್ಮಡಿಗೊಳಿಸುತ್ತದೆ.

ದೊಡ್ಡ ಲೈಟ್ ಕೊಂಡರೆ ತೊಂದರೆ ನೀಗುತ್ತದೆಂಬುದು ಇನ್ನೊಂದು ನಂಬಿಕೆ, ದುಬಾರಿಯದು. 200 ವ್ಯಾಟ್-ಸೆಕೆಂಡಿನ ಲೈಟ್ ಬದಲು 400ರದ್ದು ತಂದರೆ ಸಿಗುವುದು ಒಂದೇ ಸ್ಟಾಪ್. ಇರುವ ಲೈಟನ್ನೇ ನಾಲ್ಕು ಮೀಟರ್ ದೂರದಿಂದ ಎರಡು ಮೀಟರಿಗೆ ತಂದರೆ ಹೆಚ್ಚುಕಡಿಮೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು, ಖರ್ಚಿಲ್ಲದೆ. ಸಾಫ್ಟ್‌ಬಾಕ್ಸಿನ ಎರಡು ಪದರದ ಬಟ್ಟೆಯೇ ಒಂದು ಸ್ಟಾಪಿಗಿಂತ ಹೆಚ್ಚು ನುಂಗಬಹುದು; ಒಳಪದರ ಬಿಚ್ಚಿದರೂ ಸ್ವಲ್ಪ ಮರಳುತ್ತದೆ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡುವ ಉಪಾಯ ಬಿಳಿ ಸೀಲಿಂಗಿನ ಕಲ್ಯಾಣ ಮಂಟಪಕ್ಕೆ ಸರಿ. ಕಪ್ಪು ಜಂತಿ ಬೆಳಕನ್ನು ಹಿಂದಿರುಗಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು 'ಲೈಟ್ ಹೊಡೆಯಿತಲ್ಲ!' ಎಂಬ ಮಾತು. ಕಣ್ಣಿಗೆ ಮಿಂಚು ಕಂಡಿತೆಂದರೆ ಕ್ಯಾಮೆರಾಕ್ಕೂ ಕಂಡಿತೆಂದಲ್ಲ. ಕ್ಯಾಮೆರಾ ಮೇಲಿನ ಫ್ಲ್ಯಾಶ್, ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ತಾನೇ ಹೊಂದಿಸಿಕೊಳ್ಳುವ ಟಿಟಿಎಲ್‌ನಲ್ಲಿದ್ದರೆ ಅದು ಅಳತೆಗಾಗಿ ಮೊದಲು ಒಂದು ಸಣ್ಣ ಮಿಂಚು ಬಿಡುತ್ತದೆ. ಸ್ಲೇವ್ ಕಣ್ಣಿರುವ ಸ್ಟುಡಿಯೊ ಲೈಟ್ ಅದನ್ನೇ ಸೂಚನೆಯೆಂದು ತಿಳಿದು ಆಗಲೇ ಹೊಡೆದುಬಿಡುತ್ತದೆ, ಶಟರ್ ಇನ್ನೂ ತೆರೆದಿರುವುದಿಲ್ಲ. ಮೇಲಿನ ಫ್ಲ್ಯಾಶನ್ನು ಮ್ಯಾನುಯಲ್‌ಗೆ ಹಾಕಿದರೆ ಅಥವಾ ರೇಡಿಯೊ ಟ್ರಿಗರ್ ಬಳಸಿದರೆ ಈ ತೊಂದರೆ ಇಲ್ಲ.

ಟಿಟಿಎಲ್‌ಗೆ ಇನ್ನೊಂದು ದೌರ್ಬಲ್ಯವಿದೆ. ಬಿಳಿ ಪಂಚೆ, ಬಿಳಿ ಅಂಗಿಯ ಮದುಮಗ ಚೌಕಟ್ಟು ತುಂಬಿದರೆ ಬೆಳಕು ಜಾಸ್ತಿಯಾಯಿತೆಂದು ಭಾವಿಸಿ ಫ್ಲ್ಯಾಶನ್ನು ತಗ್ಗಿಸುತ್ತದೆ. ಬಟ್ಟೆ ಬೂದು, ಮುಖ ಕಪ್ಪು. ಅಲ್ಲಿ ಫ್ಲ್ಯಾಶನ್ನು ಒಂದು ಸ್ಟಾಪ್ ಏರಿಸಿ ನೋಡಬೇಕು.

ಮಳೆಗಾಲದ ವೋಲ್ಟೇಜನ್ನೂ ಮರೆಯುವಂತಿಲ್ಲ. ಕರೆಂಟ್ ಕುಂದಿದರೆ ಲೈಟಿನ ಕೆಪಾಸಿಟರ್ ತುಂಬುವುದು ನಿಧಾನ. ತುಂಬಿತೆಂದು ಸೂಚಿಸುವ ಬೀಪ್ ಬರುವ ಮೊದಲೇ ಒತ್ತಿದರೆ ಒಂದು ಫೋಟೊ ಸರಿ, ಮುಂದಿನದು ಕಪ್ಪು. ದೋಷ ಹೀಗೆ ಬಂದು ಹೋಗುತ್ತಿದ್ದರೆ ಸೆಟ್ಟಿಂಗ್ ಬದಲಿಸುವ ಮೊದಲು ಕಾಯುವುದೇ ಸರಿ.

ಧಾರೆಯ ಗಳಿಗೆ ಎರಡನೇ ಸಲ ಬರುವುದಿಲ್ಲ. ಆದ್ದರಿಂದ ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಬಿಳಿ ಬಟ್ಟೆ ತೊಟ್ಟ ಒಬ್ಬರನ್ನು ಮಂಟಪದಲ್ಲಿ ನಿಲ್ಲಿಸಿ, ನಾಲ್ಕು ಫೋಟೊ ತೆಗೆದು, ಪರದೆಯ ಹೊಳಪನ್ನು ನಂಬದೆ ಹಿಸ್ಟೊಗ್ರಾಮ್ ನೋಡಿಕೊಳ್ಳಿ.