ಸುಣ್ಣದ ಡಬ್ಬಿಯೊಳಗಿನ ವಿಜ್ಞಾನ

ಮನೆಯ ಗೋಡೆಗೆ ಸುಣ್ಣ ಬಳಿದ ಮರುದಿನ ಹುಡುಗಿಯೊಬ್ಬಳು ಅಮ್ಮಮ್ಮನ ಬಳಿಗೆ ಬಂದು ಕೇಳುತ್ತಾಳೆ: “ಅಮ್ಮಮ್ಮಾ, ಹೊಸ ಸುಣ್ಣ ಮುಟ್ಟಿದರೆ ಕೈಯೆಲ್ಲ ಬೆಳ್ಳಗಾಗುತ್ತದೆ, ಹಳೆಯ ಗೋಡೆ ಮುಟ್ಟಿದರೆ ಅಷ್ಟು ಹತ್ತುವದಿಲ್ಲ. ಎಂತಕೆ?” ಅಮ್ಮಮ್ಮನಿಗೆ ಒಲೆಯ ಮೇಲಿನ ಗಂಜಿಯ ಚಿಂತೆ. “ಅದು ಹಾಗೆಯೇ, ಮಗೂ. ಹೋಗಿ ಕೈ ತೊಳೆದುಕೋ” ಎಂದು ಉತ್ತರ ಬರುತ್ತದೆ.

ಇಂಥ ಮಾತುಕತೆಯನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಯಾವ ಮನೆಯಲ್ಲಿಯಾದರೂ ಕೇಳಬಹುದು. ಅಮ್ಮಮ್ಮನ ಮೇಲೆ ನಮಗೆ ದೂರಿಲ್ಲ. ಆಕೆಯ ಎಲೆಯಡಿಕೆಯ ಪೆಟ್ಟಿಗೆಯಲ್ಲಿಯೇ ಉತ್ತರವಿರುವಾಗ ಮಗುವು ಬರಿಗೈಯಲ್ಲಿ ಹಿಂದಿರುಗಿತಲ್ಲಾ ಎಂಬದಷ್ಟೇ ನಮ್ಮ ವ್ಯಥೆ. ಹತ್ತು ಸಲ ಹೀಗೆ ಹಿಂದಿರುಗಿದ ಮಗು ಹನ್ನೊಂದನೆಯ ಸಲ ಕೇಳುವದಿಲ್ಲ. ಆದುದರಿಂದ, ಹೆತ್ತವರೇ, ಹಳೆಯ ವಿದ್ಯಾರ್ಥಿನಿಯರೇ, ಆ ಡಬ್ಬಿಯನ್ನು ನಾವೇ ಒಮ್ಮೆ ತೆರೆದು ನೋಡುವ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆಂಬದು ನಮ್ಮೂರಿನ ಮಕ್ಕಳಿಗೆ ತಿಳಿದೇ ಇದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಇಂಥ ಸ್ಥಳಗಳ ಮರಳು ಕೆಸರುಗಳಲ್ಲಿ ಚಿಪ್ಪಿನೊಳಗೆ ವಾಸಿಸುವ ಸಣ್ಣ ಪ್ರಾಣಿಗಳು ಬೆಳೆಯುತ್ತವೆ. ಬ್ರಹ್ಮಾವರದ ಕಡೆಯಲ್ಲಿ ತುಳುವಾಡುವವರು ಇವನ್ನು ಮರುವಾಯಿ ಎನ್ನುವರು. ನೀರಿನಲ್ಲಿ ಕರಗಿರುವ ಪದಾರ್ಥಗಳನ್ನು ಹೀರಿಕೊಂಡು ಈ ಪ್ರಾಣಿಯು ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಆ ಚಿಪ್ಪಿನ ಮುಖ್ಯ ವಸ್ತುವಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಹೆಸರು. ಅಮೃತಶಿಲೆಯೂ ಕೋಳಿಮೊಟ್ಟೆಯ ಓಡೂ ಇದೇ ವಸ್ತುವಿನಿಂದಾದವುಗಳು.

ಚಿಪ್ಪುಗಳನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟರೆ ಅವುಗಳ ಆಕಾರವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ತೂಕ ಮಾತ್ರ ಇಳಿಯುತ್ತದೆ. ಶುದ್ಧವಾದ 100 ಭಾಗ ಚಿಪ್ಪಿನಿಂದ ದೊರಕುವ ಸುಟ್ಟ ಸುಣ್ಣವು 56 ಭಾಗ ಮಾತ್ರ. ಉಳಿದ 44 ಭಾಗ ಎಲ್ಲಿ ಹೋಯಿತು? ಕಣ್ಣಿಗೆ ಕಾಣದ ಒಂದು ವಾಯುವಾಗಿ ಹಾರಿಹೋಯಿತು. ಹಳೆಯ ಪಾಠಪುಸ್ತಕಗಳಲ್ಲಿ ಇದನ್ನು ಅಂಗಾರಾಮ್ಲ ವಾಯು ಎಂದು ಕರೆದರು. ಈಗಿನ ಮಕ್ಕಳು ಇಂಗಾಲದ ಡೈಆಕ್ಸೈಡ್ ಎಂದು ಕಲಿಯುತ್ತಾರೆ. ಸುಣ್ಣಕ್ಕೂ ಈ ವಾಯುವಿಗೂ ಇರುವ ಸಂಬಂಧವನ್ನು ತಕ್ಕಡಿಯಲ್ಲಿ ತೂಗಿ ತೂಗಿ ನಿಶ್ಚಯಿಸಿದವನು ಸ್ಕಾಟ್ಲೆಂಡಿನ ವೈದ್ಯನಾದ ಜೋಸೆಫ್ ಬ್ಲ್ಯಾಕ್. ಅವನ ಪ್ರಬಂಧವು 1756ರಲ್ಲಿ ಅಚ್ಚಾಯಿತು.

ಸುಟ್ಟ ಸುಣ್ಣಕ್ಕೆ ನೀರೆರೆದರೆ ಅದು ಬುಸುಗುಟ್ಟಿ, ಹಬೆಯೆಬ್ಬಿಸಿ, ಅರಳಿ ಹುಡಿಯಾಗುತ್ತದೆ. ಆ ಶಾಖವು ಹೊರಗಿನ ಬೆಂಕಿಯದಲ್ಲ. ಸುಣ್ಣವೂ ನೀರೂ ಕೂಡುವಾಗ ಹುಟ್ಟಿದ್ದು. ಇದು ಚರ್ಮವನ್ನು ಸುಡಬಲ್ಲದು, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಆದುದರಿಂದ ಸುಟ್ಟ ಸುಣ್ಣವನ್ನು ಮಕ್ಕಳು ಮುಟ್ಟಲೇ ಕೂಡದು. “ಮುಟ್ಟಬೇಡ” ಎಂದು ಗದರಿಸುವದಕ್ಕಿಂತ “ಯಾಕೆ ಮುಟ್ಟಬಾರದು” ಎಂದು ತಿಳಿಸಿದರೆ ಮಗುವು ಹೆಚ್ಚು ಜಾಗ್ರತೆಯಾಗಿರುವದು. ಈ ಕೆಳಗಿನ ಪ್ರಯೋಗಗಳಿಗೆ ಎಲೆಯಡಿಕೆಯ ಡಬ್ಬಿಯಲ್ಲಿರುವ ಅರಳಿದ ಸುಣ್ಣವೇ ಸಾಕು. ಅದೂ ಕಣ್ಣಿಗೆ ಬೀಳಬಾರದಾದ್ದರಿಂದ ದೊಡ್ಡವರೊಬ್ಬರು ಹತ್ತಿರವಿರಲಿ.

ಮೊದಲನೆಯ ಪ್ರಯೋಗ. ಒಂದು ಚಮಚ ಸುಣ್ಣವನ್ನು ಒಂದು ಬಾಟಲಿ ನೀರಿಗೆ ಹಾಕಿ ಕಲಕಿ, ಬಿರಡೆ ಹಾಕಿ ರಾತ್ರಿಯೆಲ್ಲ ಇಡಿರಿ. ಬೆಳಿಗ್ಗೆ ಮೇಲೆ ನಿಂತ ತಿಳಿನೀರನ್ನು ಗಾಜಿನ ಲೋಟಕ್ಕೆ ಮೆಲ್ಲಗೆ ಬಗ್ಗಿಸಿರಿ. ನೋಡುವದಕ್ಕೆ ಇದು ಬಾವಿಯ ನೀರಿನಂತೆಯೇ ಇರುವದು. ಈಗ ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಅದರ ಹಾಲು ಹೋಗುವಂತೆ ಚೆನ್ನಾಗಿ ತೊಳೆದು, ಅದರ ಮೂಲಕ ಆ ನೀರಿನೊಳಗೆ ಮೆಲ್ಲಗೆ ಊದಿರಿ. ಊದಬೇಕೇ ಹೊರತು ಹೀರಬಾರದು. ಸ್ವಲ್ಪ ಹೊತ್ತಿನಲ್ಲಿಯೇ ನೀರು ಹಾಲಿನಂತೆ ಬೆಳ್ಳಗಾಗುವದು. ನಾವು ಹೊರಕ್ಕೆ ಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು 4 ಪಾಲು ಅಂಗಾರಾಮ್ಲ ವಾಯು ಉಂಟು. ಹೊರಗಿನ ಗಾಳಿಯಲ್ಲಿ ಅದರ ನೂರರಲ್ಲೊಂದಂಶದಷ್ಟು ಮಾತ್ರ. ಭಟ್ಟಿಯಲ್ಲಿ ಹಾರಿಹೋದ ಬಗೆಯ ವಾಯುವೇ ಮಗುವಿನ ಉಸಿರಿನಿಂದ ಸುಣ್ಣವನ್ನು ಮತ್ತೆ ಸೇರಿತು. ಲೋಟದ ತಳಕ್ಕಿಳಿಯುವ ಬಿಳಿಯ ಹುಡಿಯು ಸುಣ್ಣವಲ್ಲ, ಚಿಪ್ಪಿನ ವಸ್ತು!

ಅಮ್ಮಮ್ಮನನ್ನು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಹೊಸದಾಗಿ ಬಳಿದ ಸುಣ್ಣದ ನೀರು ಆರುತ್ತಿದ್ದಂತೆ ಅದು ಗಾಳಿಯಲ್ಲಿರುವ ಈ ವಾಯುವನ್ನು ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಹೀರಿಕೊಂಡು ಗಟ್ಟಿಯಾಗುತ್ತದೆ. ಮನೆಯವರ ಉಸಿರೂ ಒಲೆಯ ಹೊಗೆಯೂ ಅದಕ್ಕೆ ಒದಗುತ್ತವೆ. ಹೀಗೆ ಹೊಳೆಯ ಚಿಪ್ಪು ಭಟ್ಟಿಯಲ್ಲಿ ಸುಣ್ಣವಾಗಿ, ಗೋಡೆಯ ಮೇಲೆ ಮರಳಿ ಚಿಪ್ಪಿನ ವಸ್ತುವಾಗುತ್ತದೆ.

ಎರಡನೆಯ ಪ್ರಯೋಗ. ಸಕ್ಕರೆಯು ತಣ್ಣೀರಿಗಿಂತ ಬಿಸಿನೀರಿನಲ್ಲಿ ಹೆಚ್ಚು ಕರಗುವದನ್ನು ಮಕ್ಕಳು ಬಲ್ಲರು. ಸುಣ್ಣವೂ ಹಾಗೆಯೇ ಇರಬೇಕಲ್ಲವೇ? ಮೊದಲು ಅವರ ಊಹೆಯನ್ನು ಕೇಳಿರಿ. ಆಮೇಲೆ ಊದದೆ ಉಳಿಸಿದ ಸುಣ್ಣದ ತಿಳಿಯನ್ನು ದೊಡ್ಡವರೇ ಒಲೆಯ ಮೇಲಿಟ್ಟು ಕಾಯಿಸಲಿ. ತಿಳಿನೀರು ಮಸುಕಾಗುವದು! ಒಂದು ಲೀಟರು ತಣ್ಣೀರಿನಲ್ಲಿ ಸುಮಾರು ಒಂದೂವರೆ ಗ್ರಾಮಿನಷ್ಟು ಸುಣ್ಣ ಕರಗಿದರೆ, ಕುದಿಯುವ ನೀರಿನಲ್ಲಿ ಅದರ ಅರ್ಧದಷ್ಟೂ ಕರಗಿ ನಿಲ್ಲುವದಿಲ್ಲ. ಊಹೆ ತಪ್ಪಿದ ಮಗುವನ್ನು ಹಾಸ್ಯ ಮಾಡಬೇಡಿರಿ. ಊಹಿಸಿ, ನೋಡಿ, “ನಾನೆಣಿಸಿದ್ದು ಸರಿಯಲ್ಲ” ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವ ಗುಣವೇ ವಿಜ್ಞಾನದ ಅಡಿಗಲ್ಲು.

ಮೂರನೆಯದು ಎಲ್ಲಕ್ಕಿಂತ ಸುಲಭ. ಅರಸಿನ ಕಲಸಿದ ನೀರನ್ನು ಮೂರು ಬಟ್ಟಲುಗಳಲ್ಲಿ ಇಡಿರಿ. ಒಂದಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಕೂಡಲೇ ಕೆಂಪು. ಆರತಿಯ ಓಕುಳಿಯ ಗುಟ್ಟು ಇದೇ. ಇನ್ನೊಂದಕ್ಕೆ ಪುಡಿಮಾಡಿದ ಚಿಪ್ಪನ್ನು ಹಾಕಿದರೆ ಅಂಥ ಕೆಂಪು ಬರುವದಿಲ್ಲ. ಯಾಕೆಂದರೆ ಕ್ಷಾರಗುಣವು ಸುಣ್ಣದಲ್ಲಿ ಪ್ರಬಲ, ಚಿಪ್ಪಿನಲ್ಲಿ ಬಹಳ ದುರ್ಬಲ. ಮೂರನೆಯದಕ್ಕೆ ಹಳೆಯ ಗೋಡೆಯಿಂದ ಕೆರೆದ ಹುಡಿಯನ್ನು ಹಾಕಿರಿ. ಅದು ಸುಣ್ಣದಂತೆ ವರ್ತಿಸಿತೋ ಚಿಪ್ಪಿನಂತೆಯೋ? ಗೋಡೆಗೆ ಸುಣ್ಣ ಬಳಿದು ಎಷ್ಟು ಕಾಲವಾಯಿತು, ಎಷ್ಟು ದಪ್ಪ ಬಳಿದರು ಎಂಬದಕ್ಕೆ ತಕ್ಕಂತೆ ಮನೆಮನೆಗೂ ಭೇದವಿರಬಹುದು. ಇದನ್ನು ನಾವು ಹೇಳುವದಕ್ಕಿಂತ ನಿಮ್ಮ ಮಗಳೇ ನೋಡಿ ಹೇಳುವದು ಮೇಲು.

ಇಷ್ಟು ಸಣ್ಣ ಸಂಗತಿಗಳಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. 1806ರಲ್ಲಿ ಜೇನ್ ಮಾರ್ಸೆಟ್ ಎಂಬ ಮಹಿಳೆಯು ಲಂಡನಿನಲ್ಲಿ ರಸಾಯನಶಾಸ್ತ್ರದ ಸಂಭಾಷಣೆಗಳ ಪುಸ್ತಕವೊಂದನ್ನು ಪ್ರಕಟಿಸಿದಳು. ಒಬ್ಬ ಉಪಾಧ್ಯಾಯಿನಿಯೂ ಇಬ್ಬರು ಹುಡುಗಿಯರೂ ಪ್ರಶ್ನೋತ್ತರ ನಡಿಸುವದೇ ಅದರ ಕ್ರಮ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಬಡ ಹುಡುಗನೊಬ್ಬನು ಅದನ್ನು ಓದಿದನು. ಆತನೇ ಮುಂದೆ ವಿದ್ಯುಚ್ಛಕ್ತಿಯ ಶಾಸ್ತ್ರಕ್ಕೆ ತಳಹದಿ ಹಾಕಿದ ಮೈಕೆಲ್ ಫ್ಯಾರಡೆ. ಒಂದು ಮೇಣದಬತ್ತಿಯನ್ನಷ್ಟೇ ವಿಷಯವಾಗಿಟ್ಟುಕೊಂಡು ಅವನು ಮಕ್ಕಳಿಗೆ ಮಾಡಿದ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದುವು. ಆ ಮಹಿಳೆಯ ಉಪಕಾರವನ್ನು ಅವನು ಕಡೆಯ ವರೆಗೂ ಮರೆಯಲಿಲ್ಲ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು, ಮಕ್ಕಳ ಕುತೂಹಲವನ್ನು ತಣಿಸುವದಕ್ಕಾಗಿ 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಕನ್ನಡದ ಮಗುವು ಕನ್ನಡದಲ್ಲಿಯೇ ಪ್ರಪಂಚವನ್ನು ಅರಿಯಬೇಕೆಂಬ ಶ್ರಮ ನಮ್ಮ ನೆಲದಲ್ಲಿಯೇ ಹುಟ್ಟಿದವರದು.

ಇಂದು ಹಲವು ಮನೆಗಳ ಗೋಡೆಗೆ ಅಂಗಡಿಯ ಬಣ್ಣ ಬಂದಿದೆ. ಎಲೆಯಡಿಕೆಯ ಪೆಟ್ಟಿಗೆಯೂ ಅಪರೂಪವಾಗುತ್ತಿದೆ. ಆದರೆ ಹೊಳೆಯ ದಡದಲ್ಲಿ ಚಿಪ್ಪುಗಳಿವೆ, ಅಡಿಗೆಮನೆಯಲ್ಲಿ ಅರಸಿನವಿದೆ, ಮಕ್ಕಳಲ್ಲಿ ಉಸಿರೂ ಪ್ರಶ್ನೆಯೂ ಇವೆ. ಮುಂದಿನ ಸಲ ಮಗಳು “ಎಂತಕೆ?” ಎಂದು ಕೇಳಿದಾಗ ಉತ್ತರ ತಿಳಿಯದಿದ್ದರೆ ಚಿಂತೆಯಿಲ್ಲ. “ಗೊತ್ತಿಲ್ಲ ಮಗೂ, ಬಾ, ನೋಡುವ” ಎಂದು ಒಲೆಯ ಮೇಲಿನ ಗಂಜಿಯನ್ನು ಕೆಳಗಿಳಿಸಿ ಅವಳೊಡನೆ ಕುಳಿತುಕೊಳ್ಳಿರಿ.